ಬನ್ನಿಯಿಂದ ಬಲಿಪಾಡ್ಯದವರೆಗೆ

ಭಾದ್ರಪದದ ಮೋಡ ಚದುರಿ ಮೊದಲ ಬಿಳಿಬಿಸಿಲು ಬಿದ್ದಿತೆಂದರೆ ಕಲಬುರಗಿಯ ಮಾಳಿಗೆಗಳ ಮೇಲೆ ಕೌದಿಗಳು ಹರಡುತ್ತವೆ. ಮಾನೌಮಿಗೆ ಮುನ್ನ ಮನೆಯೊಳಗಿನ ಅರಿವೆಯನ್ನೆಲ್ಲ ಒಗೆದು, ಪಾತ್ರೆಯನ್ನೆಲ್ಲ ಬೆಳಗಿ, ಗೋಡೆಗೆ ಸುಣ್ಣ ಹಚ್ಚಿ ಮನೆಯನ್ನು ಹೊಸದು ಮಾಡುವ ರೂಢಿ ಈ ಸೀಮೆಯಲ್ಲಿ ಇನ್ನೂ ಅಳಿದಿಲ್ಲ. ಮನೆಯೊಳಗಿನ ಕೆಲಸ ಮುಗಿಯಿತೆನ್ನುವಷ್ಟರಲ್ಲಿ ಗೃಹಿಣಿಯ ಕಣ್ಣು ಅಂಗಳಕ್ಕೆ ಹೊರಳುತ್ತದೆ. ಅಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿಯುವುದು ಆಗಲೇ.

ಶೀತದೇಶಗಳಲ್ಲಿ ಶರತ್ಕಾಲವೆಂದರೆ ಎಲೆಯುದುರುವ ಕಾಲ. ಅಮೆರಿಕದ ಮನೆಗಳ ಮೆಟ್ಟಿಲ ಮೇಲೆ ಆಗ ಕುಂಬಳಕಾಯಿಗಳು ಕುಳಿತಿರುತ್ತವೆ. ಬಾಗಿಲಿಗೆ ಒಣ ಎಲೆಯ ಮಾಲೆ, ಗೋವಿನಜೋಳದ ತೆನೆ ತೂಗುತ್ತವೆ. ಸುಗ್ಗಿ ಮುಗಿಸಿ, ಹಿಮಕ್ಕೆ ಮುನ್ನ ಕದ ಮುಚ್ಚಿಕೊಳ್ಳುವವರ ಅಲಂಕಾರ ಅದು. ನಮ್ಮ ಬಯಲುಸೀಮೆಯ ಶರದೃತುವಿನ ನಡೆ ಇದಕ್ಕೆ ತಿರುಗುಮುರುಗು. ಇಲ್ಲಿ ಎಲೆ ಉದುರುವುದು ಮಾಘ ಫಾಲ್ಗುಣಗಳಲ್ಲಿ. ಆಶ್ವಯುಜವು ಬಿತ್ತನೆಯ ತಿಂಗಳು. ಉತ್ತರೆಯ ಮಳೆ ನಿಂತು ಹಸ್ತ ಚಿತ್ತೆಗಳ ನಡುವೆ ಎರೆಭೂಮಿ ಹದಕ್ಕೆ ಬಂದಾಗ ಹಿಂಗಾರಿ ಜೋಳದ ಕೂರಿಗೆ ಹೊಲಕ್ಕಿಳಿಯುತ್ತದೆ. ಹೀಗಾಗಿ ಇಲ್ಲಿಯ ಹಬ್ಬದ ಅಲಂಕಾರದಲ್ಲಿ ಕೊಯ್ದ ತೆನೆಗಿಂತ ಮೊಳೆತ ಕಾಳಿಗೇ ಮೊದಲ ಮಣೆ.

ಆ ಮೊಳಕೆಯನ್ನು ದೇವರಮನೆಯಲ್ಲಿಯೇ ಕಾಣಬಹುದು. ಪಾಡ್ಯದ ದಿನ ಘಟ ಹಾಕುವ ಮನೆಗಳಲ್ಲಿ ಪತ್ರಾವಳಿಯ ಮೇಲೋ ಬಿದಿರ ಬುಟ್ಟಿಯಲ್ಲೋ ಹೊಲದ ಮಣ್ಣನ್ನು ಹರಡಿ, ಜೋಳ, ಗೋಧಿ ಮೊದಲಾದ ಕಾಳುಗಳನ್ನು ಬೆರೆಸಿ, ನಡುವೆ ನೀರು ತುಂಬಿದ ಮಣ್ಣಿನ ಕೊಡವನ್ನಿಡುತ್ತಾರೆ. ಕೊಡದ ಮೈಯಿಂದ ಸದಾ ಒಸರುವ ತೇವವೇ ಕಾಳಿಗೆ ನೀರು. ಒಂಬತ್ತು ದಿನ ಅಖಂಡ ದೀಪದ ಮಂದ ಬೆಳಕಿನಲ್ಲಿ ಬೆಳೆದ ಸಸಿ ಗೇಣುದ್ದ ಎದ್ದು ನಿಲ್ಲುತ್ತದೆ. ಅದರ ಬಣ್ಣ ಹಸಿರಲ್ಲ, ನಸುಹಳದಿ. ಬಿಸಿಲು ಕಾಣದ ಎಲೆಯಲ್ಲಿ ಪತ್ರಹರಿತ್ತು ಹುಟ್ಟದು, ಬೆಳಕನ್ನು ಅರಸುತ್ತ ಕಾಂಡ ಉದ್ದುದ್ದ ಬೆಳೆಯುತ್ತದೆ ಎಂದು ಸಸ್ಯಶಾಸ್ತ್ರ ಹೇಳುವುದು ಸರಿಯೇ. ಆದರೆ ವಿಜಯದಶಮಿಯ ದಿನ ಆ ಬಂಗಾರದ ಎಳೆಯನ್ನು ಹಿರಿಯರು ಟೊಪ್ಪಿಗೆಗೆ, ಹೆಣ್ಣುಮಕ್ಕಳು ಮುಡಿಗೆ ಸಿಕ್ಕಿಸಿಕೊಂಡಾಗ ಅದಕ್ಕಿಂತ ಚೆಲುವಾದ ಆಭರಣ ಸಿಕ್ಕುವುದು ಕಷ್ಟ. ಇನ್ನೊಂದು ಮಾತೂ ಉಂಟು: ಬಿತ್ತನೆಯ ಮುಖದಲ್ಲಿ ಒಂದು ಹಿಡಿ ಬೀಜವನ್ನು ಮಣ್ಣಿಗೆ ಹಾಕಿ, ಎಷ್ಟು ಮೊಳೆತವು ಎಂದು ನೋಡುವುದು ಯಾವ ರೈತನಿಗಾದರೂ ಬೇಕಾದ ಪರೀಕ್ಷೆಯೇ. ಪೂಜೆಯೂ ಪರೀಕ್ಷೆಯೂ ಇಲ್ಲಿ ಒಂದೇ ಬುಟ್ಟಿಯಲ್ಲಿವೆ.

ಘಟಕ್ಕೆ ಬೇಕಾಗುವುದು ಒಂದು ಬೊಗಸೆ ಮಣ್ಣು. ಅಷ್ಟು ಮಣ್ಣು ಈಗ ಎಲ್ಲಿಂದ ತರಬೇಕು ಎಂಬುದೇ ಹಲವು ಮನೆಗಳ ಪ್ರಶ್ನೆಯಾಗಿದೆ. ಕಲಬುರಗಿ ನಗರವು ತನ್ನ ಹಳೆಯ ಬಡಾವಣೆಗಳನ್ನು ದಾಟಿ ಶರಣಸಿರಸಗಿಯಂಥ ಸುತ್ತಲಿನ ಊರುಗಳ ಕಡೆಗೆ ಚಾಚುತ್ತಿದೆ. ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ನಿವೇಶನದ ಕಲ್ಲುಗಳು ನಿಲ್ಲುತ್ತವೆ; ಮನೆ ಏಳುತ್ತದೆ; ಉಳಿದ ಹತ್ತಡಿ ಜಾಗಕ್ಕೆ ಅಂಚಿನಿಂದ ಅಂಚಿಗೆ ಶಹಾಬಾದಿನ ಫರ್ಸಿ. ಆ ಕಲ್ಲು ಈ ಜಿಲ್ಲೆಯ ಹೆಮ್ಮೆಯೇ ಹೌದು. ತಣ್ಣಗಿರುತ್ತದೆ, ಅಗ್ಗವಾಗಿ ದೊರೆಯುತ್ತದೆ, ಸಾರಿಸಲು ಸುಲಭ. ಆದರೆ ಇಡೀ ಅಂಗಳಕ್ಕೆ ಅದನ್ನೇ ಹೊದಿಸಿದರೆ ಮಳೆಯ ನೀರು ಇಂಗಲು ಬೆರಳಗಲ ಬಿರುಕೂ ಉಳಿಯದು. ವೈಶಾಖದಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಕಾದ ಕಲ್ಲು ಸಂಜೆಯಾದರೂ ಆರುವುದಿಲ್ಲ. ಗೋಡೆಯುದ್ದಕ್ಕೂ ಎರಡಡಿ ಅಗಲದ ಪಟ್ಟಿಯನ್ನು ಕಲ್ಲಿಲ್ಲದೆ ಬಿಟ್ಟುಕೊಳ್ಳಲು ಮನೆಯ ಯಜಮಾನನ ಮನವೊಲಿಸಿದ ಗೃಹಿಣಿ ಅರ್ಧ ತೋಟವನ್ನು ಗೆದ್ದಂತೆಯೇ.

ಉಳಿದರ್ಧ ಮಣ್ಣಿನದು. ಎರೆಮಣ್ಣು ಹೊಲದಲ್ಲಿ ಲಕ್ಷ್ಮಿ, ಕುಂಡದಲ್ಲಿ ಹಟಮಾರಿ. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಎರಡೂ ಸಂದರ್ಭದಲ್ಲಿ ಬೇರಿಗೆ ಸಂಕಟ. ಒಂದು ಪಾಲು ಎರೆಗೆ ಒಂದು ಪಾಲು ಮರಳು ಅಥವಾ ಗರಸು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿದರೆ ಅದು ಪಳಗುತ್ತದೆ. ಈ ನೆಲದಲ್ಲಿ ಸುಣ್ಣದ ಅಂಶವೂ ಹೆಚ್ಚು. ಗುಲಾಬಿಯ, ಮಲ್ಲಿಗೆಯ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ, ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುವವರೇ ಬಹಳ. ಅದು ಹಸಿವಲ್ಲ, ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ನಡುವೆ ಬೇರಿಗೆ ಅದು ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ ನಾಲ್ಕಾರು ಹನಿ ನಿಂಬೆರಸವನ್ನೂ ಸೇರಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದರೆ ಎರಡು ವಾರದಲ್ಲಿ ಗಿಡದ ಮುಖ ಕಳೆಗಟ್ಟುತ್ತದೆ.

ದಸರೆಯ ಹೂವೆಂದರೆ ಚೆಂಡುಹೂವೇ. ಬಾಗಿಲ ತೋರಣದಿಂದ ಬಸ್ಸಿನ ಮೂತಿಯವರೆಗೆ ಎಲ್ಲೆಲ್ಲೂ ಅದರ ಸಾಮ್ರಾಜ್ಯ. ಇಷ್ಟು ನಮ್ಮದಾಗಿಬಿಟ್ಟ ಈ ಹೂವಿನ ತವರು ಮೆಕ್ಸಿಕೋ ಎಂದರೆ ಅಜ್ಜಿಯರು ನಂಬುವುದಿಲ್ಲ. ಪೋರ್ಚುಗೀಸರ ಕಾಲದ ನಂತರವಷ್ಟೇ ಅದು ನಮ್ಮ ಮಡಿಲಿಗೆ ಬಿದ್ದದ್ದು. ಮೆಕ್ಸಿಕೋದ ಜನರು ನವೆಂಬರ್ ತಿಂಗಳ ಮೊದಲೆರಡು ದಿನ ತಮ್ಮ ಗತಿಸಿದ ಹಿರಿಯರನ್ನು ಮನೆಗೆ ಕರೆಯುವುದೂ ಇದೇ ಹೂವನ್ನು ಹಾದಿಗೆ ಚೆಲ್ಲಿಯೇ. ಅದು ಬರುವ ಮೊದಲು ಈ ಸೀಮೆಯ ಹಬ್ಬಕ್ಕೆ ಹಳದಿ ಎಲ್ಲಿಂದ ಬರುತ್ತಿತ್ತು? ಹೊಲದ ಅಂಚಿನ ಗುರೆಳ್ಳಿನಿಂದ, ದಾರಿಬದಿಯ ಆವರಿಕೆಯಿಂದ ಎಂದು ಊಹಿಸಬಹುದು. ಗಡಿಯಾಚೆಯ ತೆಲಂಗಾಣದಲ್ಲಿ ಈ ದಿನಗಳಲ್ಲಿಯೇ ಹೆಂಗಸರು ಆವರಿಕೆಯ ಹೂವನ್ನು ಅಂತಸ್ತು ಅಂತಸ್ತಾಗಿ ಪೇರಿಸಿ ಬತುಕಮ್ಮನನ್ನು ಮಾಡುತ್ತಾರೆ. ನಮ್ಮಲ್ಲಿ ಆ ಗಿಡದ ಕಡೆಗೆ ಕಣ್ಣೆತ್ತಿ ನೋಡುವವರು ಕಡಿಮೆ. ನೀರು ಬೇಡದ, ಆಡು ಮೇಯದ, ಬರದಲ್ಲಿಯೂ ನಗುವ ಈ ಗಿಡವನ್ನು ಕಾಂಪೌಂಡಿನ ಹೊರಗೆ ಒಂದೆರಡಾದರೂ ಬೆಳೆಸಬಾರದೇ?

ಚೆಂಡುಹೂವಿಗೆ ಬೇಕಾದುದು ಲೆಕ್ಕಾಚಾರ. ಬೀಜ ಊರಿದ ದಿನದಿಂದ ಹೂ ಕೈಗೆ ಬರಲು ಎರಡೂವರೆ ಮೂರು ತಿಂಗಳು ಬೇಕು. ದಸರೆಗೆ ಬೇಕೆಂದರೆ ಆಷಾಢದಲ್ಲಿಯೂ, ದೀಪಾವಳಿಗೆಂದರೆ ಶ್ರಾವಣದಲ್ಲಿಯೂ ಸಸಿಮಡಿ ಆಗಿರಬೇಕು. ಗಣಪತಿ ಹಬ್ಬ ಮುಗಿದ ಮೇಲೆ ಬೀಜದ ಪೊಟ್ಟಣ ಹುಡುಕುವವರಿಗೆ ಮಾರುಕಟ್ಟೆಯೇ ಗತಿ. ಗೇಣುದ್ದ ಬೆಳೆದ ಸಸಿಯ ತುದಿಯನ್ನು ನಿಷ್ಕರುಣೆಯಿಂದ ಚಿವುಟಬೇಕು. ಹೂ ಕೆಲವು ದಿನ ತಡವಾದೀತು, ಆದರೆ ಒಂದು ಕೊಂಬೆಯ ಜಾಗದಲ್ಲಿ ಆರು ಒಡೆಯುತ್ತವೆ. ಅದರ ಬೇರು ಮಣ್ಣಿನೊಳಗಿನ ಜಂತುಹುಳುಗಳನ್ನು ಹತೋಟಿಯಲ್ಲಿಡುವುದರಿಂದ ಬದನೆ, ಟೊಮ್ಯಾಟೊ ಸಾಲಿನ ನಡುವೆ ಅದಕ್ಕೊಂದು ಸ್ಥಾನ ಕೊಡುವುದು ಜಾಣತನ.

ಸೇವಂತಿಗೆಯ ಸ್ವಭಾವ ಇನ್ನೂ ವಿಚಿತ್ರ. ಅದು ಗೊಬ್ಬರಕ್ಕಾಗಲಿ ಗಡಿಯಾರಕ್ಕಾಗಲಿ ಮಣಿಯುವುದಿಲ್ಲ. ರಾತ್ರಿಯ ಉದ್ದವನ್ನು ಅಳೆಯುತ್ತದೆ. ಕಲಬುರಗಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು ಸುಮಾರು 11. ಹಗಲು ಕುಗ್ಗಿ ಇರುಳು ಹಿಗ್ಗಿದಾಗಲೇ ಅದರ ತುದಿಯಲ್ಲಿ ಮೊಗ್ಗು ಮೂಡುತ್ತದೆ. ಎಲೆಯೆಲ್ಲ ಸೊಂಪಾಗಿದ್ದೂ ಮೊಗ್ಗೇ ಕಾಣದೆಂದು ಕೊರಗುವ ಮನೆಗಳಲ್ಲಿ ಕುಂಡದ ನೆತ್ತಿಯ ಮೇಲೆ ಬೀದಿದೀಪವೋ ಅಂಗಳದ ಬಲ್ಬೋ ಇರುಳಿಡೀ ಉರಿಯುತ್ತಿದೆಯೇ ಎಂದು ಮೊದಲು ನೋಡಬೇಕು. ಕುಂಡವನ್ನು ಮನೆಯ ಹಿಂದಿನ ಕತ್ತಲೆಗೆ ಸರಿಸಿದರೆ ಸಾಕು. ದೀಪಗಳ ಹಬ್ಬಕ್ಕೆ ಹೂ ಬೇಕಾದರೆ ಅದಕ್ಕೆ ಮೊದಲು ಕತ್ತಲೆ ಉಣಿಸಬೇಕೆಂಬುದು ಒಗಟಿನಂತೆ ತೋರಬಹುದು.

ಇಷ್ಟೆಲ್ಲ ಲೆಕ್ಕವನ್ನೂ ಒಂದು ಇರುಳಿನ ಮಳೆ ಅಳಿಸಿಹಾಕುವುದುಂಟು. 2020ರ ಅಕ್ಟೋಬರ್ ನಡುವಿನಲ್ಲಿ ಸುರಿದ ಮಳೆಗೆ ಮಹಾರಾಷ್ಟ್ರದ ಜಲಾಶಯಗಳಿಂದ ಹೊರಬಿಟ್ಟ ನೀರೂ ಸೇರಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಕಥೆ. ಎರಡು ಸಲವೂ ಅದು ದಸರೆಯ ಹೊಸ್ತಿಲು. ತೊಗರಿ ಹೋದ ರೈತನ ಮುಂದೆ ಹೂವಿನ ನಷ್ಟದ ಮಾತೆತ್ತುವುದು ಸಣ್ಣತನವಾದೀತು. ಆದರೆ ಹಬ್ಬದ ನಾಲ್ಕು ದಿನದ ಬೆಲೆಯನ್ನೇ ನಂಬಿ ಅರ್ಧ ಎಕರೆ ಚೆಂಡುಹೂ ಹಾಕಿದ ಸಣ್ಣ ಹಿಡುವಳಿದಾರನಿಗೆ ಅದೇ ವರ್ಷದ ಗಂಜಿ. ಎರೆಮಣ್ಣಿನಲ್ಲಿ ಎರಡು ದಿನ ನೀರು ನಿಂತರೆ ಬೇರು ಕೊಳೆಯುತ್ತದೆ, ಮೂರನೆಯ ದಿನ ಬಿಸಿಲು ಬಿದ್ದಾಗ ಇಡೀ ಸಾಲು ತಲೆ ಬಾಗಿಸುತ್ತದೆ. ಅಂಥ ವರ್ಷ ಹೂವಿನ ಬೆಲೆ ಏರಿತೆಂದು ಪೇಟೆಯಲ್ಲಿ ಗೊಣಗುತ್ತ ಪ್ಲಾಸ್ಟಿಕ್ಕಿನ ಚೆಂಡುಹೂವಿನ ಸರವನ್ನು ಕೊಂಡವರು ಮರುವರ್ಷವೂ ಅದನ್ನೇ ಕೊಡವಿ ಕಟ್ಟುತ್ತಾರೆ. ಹೊಲದವನಿಗೆ ಹೊಳೆಯ ಪೆಟ್ಟು ಒಂದು ವರ್ಷದ್ದು, ಈ ಪೆಟ್ಟು ಹಲವು ವರ್ಷದ್ದು. ಮನೆಯ ತೋಟದವರು ಮಾಡಬಹುದಾದುದು ಇಷ್ಟೆ: ಮಡಿಯನ್ನು ನೆಲಮಟ್ಟಕ್ಕಿಂತ ಗೇಣೆತ್ತರ ಏರಿಸಿ ಬದಿಗೆ ಕಾಲುವೆ ತೆಗೆಯುವುದು.

ದಶಮಿಯ ಸಂಜೆ ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆಂದು ಹಾರೈಸುವುದು ಜಾತಿಮತದ ಹಂಗಿಲ್ಲದೆ ಊರೆಲ್ಲ ನಡೆಯುವ ನಡೆ. ಮುನಿದವರೂ ಅಂದು ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಮಹಾರಾಷ್ಟ್ರದ ಕಡೆ ಇದಕ್ಕೆ ಜೋಡಿಯೆಲೆಯ ಆಪ್ಟೆ ಬಳಕೆಯಲ್ಲಿದೆ. ಗಡಿಸೀಮೆಯಲ್ಲಿ ಎರಡೂ ಉಂಟು. ಈ ಪ್ರೀತಿಯೇ ಮರಕ್ಕೆ ಮುಳುವಾಗುತ್ತಿರುವುದನ್ನು ಹೇಳದೆ ವಿಧಿಯಿಲ್ಲ. ಹಿಡಿ ಎಲೆ ಸಾಕಾದಲ್ಲಿ ಕೊಂಬೆಗಟ್ಟಲೆ ಕಡಿದು ಬಂಡಿಯಲ್ಲಿ ಪೇಟೆಗೆ ತರುತ್ತಾರೆ. ಏಕಾದಶಿಯ ಬೆಳಿಗ್ಗೆ ಅದರ ಬಹುಪಾಲು ಚರಂಡಿಯಲ್ಲಿ. ಬನ್ನಿ ನಿಧಾನವಾಗಿ ಬೆಳೆಯುವ ಮರ. ಅದರ ತಾಯಿಬೇರು ಆಳಕ್ಕಿಳಿದು ಬರಗಾಲದಲ್ಲಿಯೂ ತೇವವನ್ನು ಹುಡುಕಿಕೊಳ್ಳುತ್ತದೆ. ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆ. ಹೊಲದ ಬದುವಿನಲ್ಲಿ ಅದಿದ್ದರೆ ಬೆಳೆಗೆ ಕೇಡಿಲ್ಲವೆಂದು ಒಕ್ಕಲಿಗರು ಬಲ್ಲರು. ಅದರ ದೂರದ ನಂಟನಾದ ಬಳ್ಳಾರಿ ಜಾಲಿ ಪಾಳುನೆಲವನ್ನೆಲ್ಲ ಆಕ್ರಮಿಸಿಕೊಂಡಿರುವಾಗ ನಮ್ಮ ಬನ್ನಿಯ ಸಸಿ ನೆಡುವವರು ಬೆರಳೆಣಿಕೆಯಷ್ಟು ಜನ. ಕುಂಡದಲ್ಲಿ ಅದು ಬಾಳದು. ಹೊಸ ಬಡಾವಣೆಗಳಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ಪಾಳು ಬೀಳುವುದು ಅಪರೂಪವಲ್ಲ. ಆ ಜಾಗವೇ ಅದಕ್ಕೆ ತಕ್ಕದ್ದು. ಬೇಸಗೆಯಲ್ಲಿ ಮಾಗಿದ ಕಾಯಿಯ ಬೀಜವನ್ನು ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಉದ್ದನೆಯ ಚೀಲದಲ್ಲಿ ಊರಿ, ಮರುಮಳೆಗಾಲದಲ್ಲಿ ನೆಟ್ಟು ಎರಡು ಬೇಸಗೆ ಕಾಯ್ದರೆ ಮುಂದೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಆಯುಧಪೂಜೆಗೂ ಲಕ್ಷ್ಮೀಪೂಜೆಗೂ ಬಾಗಿಲಿಗೆ ಬಾಳೆಕಂಬ ಕಟ್ಟುವುದು ವಾಡಿಕೆ. ಬಚ್ಚಲ ನೀರು ಹರಿಯುವೆಡೆ ಒಂದು ಬಾಳೆ ಹಾಕಿಕೊಂಡವರಿಗೆ ಪ್ರತಿವರ್ಷ ತೆಗೆಯಲೇಬೇಕಾದ ಹೆಚ್ಚುವರಿ ಮರಿಗಳೇ ಕಂಬಕ್ಕಾಗುತ್ತವೆ, ಕೊಳ್ಳುವ ಪ್ರಮೇಯವಿಲ್ಲ. ಹಾಕುವುದಾದರೆ ಕಮಲಾಪುರದ ಕೆಂಬಾಳೆಯನ್ನೇ ಹಾಕಬಹುದಲ್ಲ! ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಹಣ್ಣಿನ ಗಿಡಕ್ಕೆ ಕಾಂಡದಿಂದ ಎಲೆದೇಟಿನವರೆಗೆ ಕೆಂಪು ಮಿಶ್ರಿತ ಬಣ್ಣ. ಹಣ್ಣಿಲ್ಲದ ದಿನಗಳಲ್ಲಿಯೂ ಅದು ಅಂಗಳಕ್ಕೊಂದು ಶೋಭೆ. ತಾಳ್ಮೆ ಮಾತ್ರ ಬೇಕು. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಸುಮಾರು 18 ತಿಂಗಳು ಕಾಯಿಸುತ್ತದೆ. ಒಮ್ಮೊಮ್ಮೆ ಕೆಂಪು ತಾಯಿಗೆ ಹಸಿರು ಮರಿ ಹುಟ್ಟುವುದೂ ಉಂಟು. ಅದನ್ನು ಕಂಬಕ್ಕೆ ಕಡಿದು, ಕೆಂಪನ್ನು ಉಳಿಸಿಕೊಳ್ಳಬೇಕು.

ದೀಪಾವಳಿಗೆ ಆಕಾಶಬುಟ್ಟಿ, ಹಣತೆ, ರಂಗವಲ್ಲಿಗಳ ಸಂಭ್ರಮ ಎಲ್ಲ ಕಡೆಗೂ ಇದ್ದದ್ದೇ. ಉತ್ತರ ಕರ್ನಾಟಕದ ಸ್ವಂತ ಸೊತ್ತೆಂದರೆ ಬಲಿಪಾಡ್ಯದ ಪಾಂಡವರು. ನಸುಕಿನಲ್ಲಿಯೇ ಸೆಗಣಿ ತಂದು ಪುಟ್ಟ ಪುಟ್ಟ ಗೊಂಬೆಗಳನ್ನು ಮಾಡಿ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂ, ಗುರೆಳ್ಳಿನ ಹೂ ಸಿಕ್ಕಿಸಿ, ಹೊಸ್ತಿಲಿನ ಎರಡು ಬದಿಗೂ ಗೋಡೆಯ ಮಾಡಗಳಲ್ಲಿಯೂ ಕೂಡಿಸುತ್ತಾರೆ. ಆಕಳಿಲ್ಲದ ನಗರದ ಮನೆಗಳಲ್ಲಿ ಈಗ ಸೆಗಣಿಗಾಗಿ ಎರಡು ಬೀದಿ ಅಲೆಯಬೇಕು. ಉತ್ತರಾಣಿಯನ್ನು ಗುರುತಿಸಬಲ್ಲ ಮಗು ಸಿಗಬೇಕಾದರೆ ನಾಲ್ಕು ಬೀದಿ. ಹಳ್ಳಿಯಿಂದ ಬಂದ ಅಜ್ಜಿ ಆ ದಿನ ಮನೆಗೆ ಯಜಮಾನಿಯಾಗುತ್ತಾಳೆ. ಬೇಡದ ಕಳೆಯೆಂದು ವರ್ಷವೆಲ್ಲ ಕಿತ್ತೆಸೆದ ಗಿಡವನ್ನು ಮೊಮ್ಮಕ್ಕಳು ಅಂದು ಬೇಲಿಬೇಲಿ ಹುಡುಕುತ್ತಾರೆ.

ಹಬ್ಬ ಮುಗಿದ ಮೇಲೆ ತೋಟದ ಕೆಲಸ ನಿಲ್ಲುವುದಿಲ್ಲ. ಬಾಡಿದ ತೋರಣ, ಘಟದ ಮಣ್ಣು ಎಲ್ಲ ಮಡಿಗೆ ಬೀಳಬೇಕು. ಕಾರ್ತಿಕದ ಕೊನೆಯಲ್ಲಿ ಮೆಂತ್ಯ, ಕೊತ್ತಂಬರಿ, ಪಾಲಕ ಬಿತ್ತಿದರೆ ಎಳ್ಳಮಾವಾಸ್ಯೆಯ ಭಜ್ಜಿಗೆ ಮನೆಯ ಸೊಪ್ಪೇ ಆದೀತು. ಚೆಂಡುಹೂವಿನ ಗಿಡದಲ್ಲಿ ಎಲ್ಲಕ್ಕಿಂತ ದಪ್ಪನಾದ ನಾಲ್ಕು ಹೂವನ್ನು ಕೀಳದೆ ಗಿಡದಲ್ಲಿಯೇ ಒಣಗಲು ಬಿಟ್ಟು, ಕಪ್ಪು ಬಿಳುಪಿನ ಸೂಜಿಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಡಬೇಕು. ಸಂಕರ ತಳಿಯ ಬೀಜವಾದರೆ ಮರುವರ್ಷ ತಾಯಿಯಂತೆ ಹುಟ್ಟದು; ಊರ ತಳಿಯದಾದರೆ ಭಯವಿಲ್ಲ. ಪೊಟ್ಟಣದ ಮೇಲೆ ತಿಂಗಳನ್ನು ಬರೆದು ಒಣ ಡಬ್ಬಿಯಲ್ಲಿಟ್ಟರೆ ಬರುವ ಆಷಾಢದಲ್ಲಿ ಹುಡುಕುವ ಗೊಡವೆ ಇಲ್ಲ.