ರಬ್ಬರ್ ತೋಟದ ಮಕ್ಕಳ ಓದು

ಸುಳ್ಯದ ಕಡೆಯ ಸರಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಒಂದನೇ ತರಗತಿಗೆ ಬರುತ್ತಿದ್ದ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತುಳು. ಕನ್ನಡ ಶುರುವಾಗುತ್ತಿದ್ದುದೇ ಶಾಲೆಯಲ್ಲಿ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ಚಹಾತೋಟದ ಕಾರ್ಮಿಕರಿಗೆ ಪುತ್ತೂರು, ಸುಳ್ಯ, ಕಡಬದ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಇವರು ಆ ಮನೆಗಳ ಮಕ್ಕಳು, ಮೊಮ್ಮಕ್ಕಳು. ತಾಯಂದಿರು ಬೆಳಕು ಹರಿಯುವ ಮೊದಲೇ ಟ್ಯಾಪಿಂಗಿಗೆ ಹೊರಡುತ್ತಾರೆ. ತಂಗಿಯ ಜಡೆ ಹೆಣೆದು ಶಾಲೆಗೆ ಕರೆತರುವುದು ಅಕ್ಕನ ಕೆಲಸ.

ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡುಗಳಿಂದ ಈ ಮಕ್ಕಳಿಗೆ ಬಹಳ ಉಪಕಾರವಾಯಿತು. ಚಿತ್ರ ನೋಡುತ್ತಾ, ತಮ್ಮ ವೇಗದಲ್ಲೇ ಕನ್ನಡ ಕಲಿತರು. ಭಾಷೆ ಹೇಗೋ ಬರುತ್ತದೆ, ಕಾಗದಪತ್ರ ಬರಬೇಕಲ್ಲ! ಜಾತಿ ಪ್ರಮಾಣಪತ್ರಕ್ಕಾಗಿ ಈ ಕುಟುಂಬಗಳು ವರ್ಷಗಟ್ಟಲೆ ಅಲೆದಿವೆ. ಅದಿಲ್ಲದೆ ಪರಿಶಿಷ್ಟರ ವಿದ್ಯಾರ್ಥಿವೇತನ ಸಿಗದು.

ಹಾಗಾಗಿ ಎಂಟನೆಯ ಮಕ್ಕಳನ್ನು ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ಕೂರಿಸಲು ನಾನು ಹಟ ಹಿಡಿಯುತ್ತಿದ್ದೆ. ಜಾತಿಪತ್ರವಿಲ್ಲದವರು ಸಾಮಾನ್ಯ ವರ್ಗದಲ್ಲೇ ಬರೆಯಬಹುದು; ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಶಿಕ್ಷಕರೇ, ಏಳನೆಯಲ್ಲಿ ಶೇ. 55 ಅಂಕ ಪಡೆದ ತೋಟದ ಮಗು ನಿಮ್ಮ ಶಾಲೆಯಲ್ಲಿದ್ದರೆ, ಹೆತ್ತವರು ಬಂದು ಕೇಳಲಿ ಎಂದು ಕಾಯಬೇಡಿ, ಅರ್ಜಿ ನೀವೇ ತುಂಬಿಸಿ.