ಇಟ್ಟಿಗೆಗೆ ನೀರು ಕುಡಿಸಿ
1892ರಲ್ಲಿ ಕಟ್ಟಿದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅದಕ್ಕಾದರೂ 120 ವರ್ಷ ವಯಸ್ಸಾಗಿತ್ತು. ನೀವು ಸಾಲ ಮಾಡಿ ಕಟ್ಟಿಸುವ ಮನೆ ಹತ್ತೇ ವರ್ಷಕ್ಕೆ ಬಿರುಕು ಬಿಟ್ಟರೆ ಗತಿಯೇನು?

ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ಬಡಿಯಿರಿ; ಕಂಚಿನಂತೆ ಕಣಕಣ ಎನ್ನಬೇಕು. ಒಣ ಇಟ್ಟಿಗೆಯನ್ನು ಹಾಗೆಯೇ ಕೂರಿಸಿದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸಿಮೆಂಟು ಬಿಗಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಆದುದರಿಂದ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆಯಿರಿ. ಸಿಮೆಂಟ್ ಬ್ಲಾಕಾದರೆ ನೆನೆಸಬೇಡಿ. ಬಿಸಿಲು ಜೋರಿದ್ದರೆ ತುಸು ತೇವ ಸಾಕು. ಕಲಸಿದ ಸಿಮೆಂಟು ಗಾರೆ 30 ನಿಮಿಷದೊಳಗೆ ಮುಗಿಯಲಿ. ಸಂದಿನ ಮೇಲೆ ಸಂದು ಬರಕೂಡದು. ತೂಗುಗುಂಡು ಬಿಟ್ಟು ನೋಡಿ. ಕಟ್ಟಿದ ಗೋಡೆಗೆ 7 ದಿನ ನೀರು ಹಾಕಿ. ಮೇಸ್ತ್ರಿ ಹೋದ ಮೇಲೆ ಇದನ್ನು ಮಾಡಬೇಕಾದವರು ಮನೆಯವರೇ.