ಅಂಕಿಗಳೊಳಗಿಂದ ಎದ್ದ ಅಲೆ

ಆ ಗಾಜಿನ ನಾಳದ ರಂಧ್ರಕ್ಕೆ ನಿಮ್ಮ ತಲೆಗೂದಲನ್ನು ತೂರಿಸುವುದೂ ಕಷ್ಟ! ಒಳವ್ಯಾಸ ಬರೀ 50 ಮೈಕ್ರೋಮೀಟರ್. ಅದರ ತುಂಬ ಬಫರ್ ದ್ರಾವಣ, ಎರಡು ತುದಿಗಳ ನಡುವೆ 30,000 ವೋಲ್ಟ್‌ವರೆಗೂ ವಿದ್ಯುತ್ತು. ಸ್ವಿಚ್ ಒತ್ತಿದ್ದೇ ತಡ, ಅಯಾನುಗಳು ಓಟ ಕೀಳುತ್ತವೆ. ಚುರುಕಾದದ್ದು ಮುಂದೆ, ಮಂದವಾದದ್ದು ಹಿಂದೆ. ಕಲಸಿಹೋಗಿದ್ದ ರಾಸಾಯನಿಕಗಳು ನಿಮಿಷಗಳಲ್ಲಿ ಒಂದರಿಂದೊಂದು ಬಿಡಿಸಿಕೊಂಡು ಸಾಲುಗಟ್ಟುತ್ತವೆ. ಇದೇ ಎಲೆಕ್ಟ್ರೋಫೊರೆಸಿಸ್. ರಕ್ತದ ಸೀರಮ್‌ನ ಪ್ರೋಟೀನುಗಳನ್ನು ಈ ವಿದ್ಯೆಯಿಂದ ವಿಂಗಡಿಸಿ ತೋರಿಸಿದ ಸ್ವೀಡನ್ನಿನ ಆರ್ನೆ ಟಿಸೇಲಿಯಸ್‌ಗೆ 1948ರಲ್ಲಿ ನೊಬೆಲ್ ಬಂತು.

ಡಿಟೆಕ್ಟರ್ ಮಾತ್ರ ನಾಳದ ಒಂದೇ ಜಾಗದಲ್ಲಿ ಕಾದು ಕೂತಿರುತ್ತದೆ. ತನ್ನೆದುರು ಹಾದುಹೋದದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಅಲ್ಲಿಯವರೆಗಿನ ದಾರಿಯಲ್ಲಿ ಯಾರು ಯಾರನ್ನು ಹಿಂದಿಕ್ಕಿದರು, ಎಲ್ಲಿ ಒತ್ತಾದರು, ಎಲ್ಲಿ ಚದುರಿದರು? ಅದೆಲ್ಲ ಕತ್ತಲು.

ಆ ಕತ್ತಲಿಗೆ ಕಿಟಕಿ ಕೊರೆದದ್ದು ಕಂಪ್ಯೂಟರ್. ಅರಿಝೋನಾ ವಿಶ್ವವಿದ್ಯಾಲಯದ ಮಿಲನ್ ಬಿಯರ್ ಮತ್ತು ಸಂಗಡಿಗರು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಓಟದ ಗಣಿತವನ್ನು ಮುಂದಿಟ್ಟರು. ಉಪಾಯ ಕೇಳಿ: ನಾಳವನ್ನು ಕಾಗದದ ಮೇಲೆ ಸಣ್ಣಸಣ್ಣ ತುಣುಕು ಮಾಡುವುದು. ಪ್ರತಿ ತುಣುಕಿನಲ್ಲೂ ಪ್ರತಿ ಪದಾರ್ಥಕ್ಕೆ ಲೆಕ್ಕ ಹಿಡಿಯುವುದು: ವಿದ್ಯುತ್ತು ತಳ್ಳಿ ಎಷ್ಟು ಬಂತು, ಎಷ್ಟು ಹೋಯಿತು, ವಿಸರಣದಿಂದ ಎಷ್ಟು ಸೋರಿತು. ಅದರ ಮೇಲೆ ಒಂದು ಕಟ್ಟಪ್ಪಣೆ, ಧನ ಮತ್ತು ಋಣ ಆವೇಶಗಳು ಎಲ್ಲೆಡೆ ಸರಿದೂಗಬೇಕು. ಅದರಿಂದ ಆ ತುಣುಕಿನ ಪಿಎಚ್ ಸಿಗುತ್ತದೆ. ಪಿಎಚ್ ಬದಲಾದರೆ ಆಮ್ಲದ ಆವೇಶ ಬದಲು, ಆವೇಶ ಬದಲಾದರೆ ವೇಗ ಬದಲು, ವೇಗ ಬದಲಾದರೆ ಮತ್ತೆ ಪಿಎಚ್ ಬದಲು! ಸೆಕೆಂಡಿನ ಸಣ್ಣ ಚೂರು ಮುಂದೆ ಸರಿದು ಇಡೀ ಲೆಕ್ಕ ಮತ್ತೆ ಮೊದಲಿನಿಂದ. ಮನುಷ್ಯನ ತಾಳ್ಮೆಗೆ ಒಗ್ಗುವ ಕೆಲಸವಲ್ಲ.

ಐಸೊಟ್ಯಾಕೊಫೊರೆಸಿಸ್ ಎಂಬ ವಿಂಗಡಣೆಯ ವಿಧಾನವನ್ನು ಕಂಪ್ಯೂಟರ್ ತೆರೆಯ ಮೇಲೆ ನೋಡಬೇಕು. ಮುಂದೆ ಅತಿ ವೇಗದ ಅಯಾನು, ಹಿಂದೆ ಅತಿ ನಿಧಾನದ್ದು, ನಡುವೆ ನಮ್ಮ ಮಿಶ್ರಣ. ಮೊದಲು ಬರೀ ಗೊಂದಲ. ನೋಡನೋಡುತ್ತಿದ್ದಂತೆ ಗೆರೆ ಕೊರೆದ ಹಾಗೆ ಪಟ್ಟಿಗಳು ಮೂಡುತ್ತವೆ, ಎಲ್ಲವೂ ಒಂದೇ ವೇಗದಲ್ಲಿ ಸಾಗುತ್ತವೆ! ಹಿಂದಿನ ಪಟ್ಟಿಯಲ್ಲಿ ವಾಹಕತೆ ಕಡಿಮೆ, ಹಾಗಾಗಿ ವಿದ್ಯುತ್ ಕ್ಷೇತ್ರ ಜೋರು. ಹಿಂದೆ ಬಿದ್ದ ಅಯಾನಿಗೆ ಮಂದೆಯ ಕೊನೆಯ ದನಕ್ಕೆ ಬೀಳುವ ಬಾರುಕೋಲಿನ ಏಟು. ಮುಂದಕ್ಕೆ ನುಗ್ಗಿದ್ದಕ್ಕೆ ಅಲ್ಲಿ ಕ್ಷೇತ್ರ ಸಾಲದೆ ವೇಗ ತಗ್ಗುತ್ತದೆ. ಪಟ್ಟಿಯ ಅಂಚು ತನ್ನಷ್ಟಕ್ಕೆ ತಾನೇ ಚೂಪಾಗಿ ಉಳಿಯುತ್ತದೆ. ಪ್ರತಿ ಪಟ್ಟಿ ಎಷ್ಟು ಸಾಂದ್ರವಾಗಬೇಕು ಎಂಬುದಕ್ಕೂ ನಿಯಮವಿದೆ, ಜರ್ಮನಿಯ ಕೋಲ್‌ರಾಷ್ 1897ರಷ್ಟು ಹಿಂದೆಯೇ ಕಂಡುಕೊಂಡದ್ದು.

ಆದರೆ ನನ್ನ ಉಸಿರು ಕಟ್ಟಿಸಿದ್ದು ಪ್ರಾಗ್‌ನ ಕತೆ. ಅಲ್ಲಿನ ಚಾರ್ಲ್ಸ್ ವಿಶ್ವವಿದ್ಯಾಲಯದ ಬೊಹುಸ್ಲಾವ್ ಗಾಶ್ ಅವರ ತಂಡ ಇಂಥ ಲೆಕ್ಕ ಹಾಕುವ ‘ಸಿಮುಲ್’ ಎಂಬ ಪ್ರೋಗ್ರಾಂ ಕಟ್ಟಿ ಯಾರು ಬೇಕಾದರೂ ಬಳಸಲೆಂದು ಬಿಟ್ಟಿಯಾಗಿ ಹಂಚಿತು. ಜೊತೆಗೆ ಒಂದು ಸಿದ್ಧಾಂತ: ಬಫರಿನಲ್ಲಿ ಚಿಕ್ಕ ಏರುಪೇರು ಎದ್ದರೆ ಅದು ಯಾವ ವೇಗದಲ್ಲಿ ಸಾಗುತ್ತದೆ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಲೆಕ್ಕ ಹಾಕಬಹುದು. ಉತ್ತರ ಸಾಮಾನ್ಯವಾಗಿ ನೆಟ್ಟಗಿನ ಸಂಖ್ಯೆ. ಕೆಲವು ಬಫರುಗಳಿಗೆ ಮಾತ್ರ ಉತ್ತರವಾಗಿ ಬಂದದ್ದು ಮೈನಸ್ ಒಂದರ ವರ್ಗಮೂಲ ಸೇರಿಕೊಂಡ ಸಂಕೀರ್ಣ ಸಂಖ್ಯೆ! ಕಾಲ್ಪನಿಕ ಭಾಗವಿರುವ ವೇಗ ಎಂದರೇನು? ಯಾವ ಅಯಾನು ಹಾಗೆ ಓಡೀತು?

ಅರ್ಥ ಇಷ್ಟು: ಅಂಥ ದ್ರಾವಣದಲ್ಲಿ ಪುಟ್ಟ ಕದಲಿಕೆ ಸುಮ್ಮನೆ ಸಾಗಿಹೋಗುವುದಿಲ್ಲ, ಬೆಳೆಯುತ್ತದೆ, ಸಾಲುಸಾಲು ಅಲೆಗಳಾಗುತ್ತದೆ. ಸಿಮ್ಯುಲೇಶನ್ ಮಾಡುವವರಿಗೆ ತೆರೆಯ ಮೇಲಿನ ಅಲೆ ಎಂದರೆ ಮೊದಲ ಅನುಮಾನ ಲೆಕ್ಕದ ಮೇಲೆಯೇ. ತುಣುಕುಗಳು ದಪ್ಪವಾದರೆ ಇಲ್ಲದ ಅಲೆಗಳು ಮೂಡುವುದು ಅವರಿಗೆಲ್ಲ ಗೊತ್ತಿರುವ ಕಾಟ. ಈ ಅಲೆ ಮಾತ್ರ ಹುಸಿಯಲ್ಲ! ಇಮಿಡಜೋಲ್ ಮತ್ತು ಸೆಬಾಸಿಕ್ ಆಮ್ಲ ಬೆರೆಸಿದ ದ್ರಾವಣ ಪ್ರಯೋಗದಲ್ಲಿಯೂ ಹಾಗೆಯೇ ನಡೆದುಕೊಂಡಿತು. 2006ರಲ್ಲಿ ಅದನ್ನು ಪ್ರಕಟಿಸಿದಾಗ ಗಾಶ್ ತಂಡ ಇಟ್ಟ ಹೆಸರು ‘ಆಂದೋಲಿಸುವ ಎಲೆಕ್ಟ್ರೋಲೈಟ್‌ಗಳು’. ಅಂದಹಾಗೆ, ಸೆಬಾಸಿಕ್ ಆಮ್ಲವನ್ನು ತಯಾರಿಸುವುದು ನಮ್ಮ ಹರಳೆಣ್ಣೆಯಿಂದ. ನೆತ್ತಿಗೆ ತಟ್ಟಿಕೊಳ್ಳುವ ಆ ಜಿಗುಟು ಎಣ್ಣೆಯ ಕೂಸು ಕಾಲ್ಪನಿಕ ಸಂಖ್ಯೆಯ ತಾಳಕ್ಕೆ ಕುಣಿಯುತ್ತದೆಂದು ಯಾರಿಗೆ ಗೊತ್ತಿತ್ತು!

ವಿಂಗಡಣೆಯ ಕೆಲಸಕ್ಕೆ ಆ ದ್ರಾವಣ ಕೆಟ್ಟದ್ದು, ಒಪ್ಪೋಣ. ಬಫರ್ ಆರಿಸುವವರು ಈಗ ಅದೇ ಪ್ರಾಗ್ ತಂಡದ ಇನ್ನೊಂದು ಪ್ರೋಗ್ರಾಂ ‘ಪೀಕ್‌ಮಾಸ್ಟರ್’ನಲ್ಲಿ ಆ ವೇಗಗಳನ್ನು ಮೊದಲೇ ನೋಡಿಕೊಳ್ಳಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಹುವಾನ್ ಸಾಂಟಿಯಾಗೊ ಬಳಗ 2009ರಲ್ಲಿ ‘ಸ್ಪ್ರೆಸ್ಸೊ’ ಎಂಬ ಸಿಮ್ಯುಲೇಶನ್ ಪ್ರೋಗ್ರಾಂ ತಂದಿತು. ಪಟ್ಟಿಯ ಅಂಚು ಎಲ್ಲಿ ಚೂಪೋ ಅಲ್ಲಿಗೆ ಅದರ ಲೆಕ್ಕದ ಬಿಂದುಗಳು ತಾವೇ ಓಡಿಹೋಗಿ ಒತ್ತಾಗುತ್ತವೆ. ನಾನಾದರೆ ‘ಸಿಮುಲ್’ ಇಳಿಸಿಕೊಂಡು ಮೊದಲು ಹಾಕುವುದು ಆ ಕೆಟ್ಟ ಬಫರನ್ನೇ: ಇಮಿಡಜೋಲ್, ಸೆಬಾಸಿಕ್ ಆಮ್ಲ, ನಡುವೆ ಒಂದು ಸಣ್ಣ ಕದಲಿಕೆ.